ಬಣ್ಣದ ಲೆಕ್ಕ

ಹಳೆಯ ಮನೆಗೆ ಸುಣ್ಣ ಬಳಿಸಲು ಹೊರಟವನಿಗೂ ಹಳೆಯ ಮೋಟಾರಿಗೆ ಬಣ್ಣ ಹಚ್ಚಿಸಲು ಹೊರಟವನಿಗೂ ಒಂದು ಸಾಮ್ಯವುಂಟು. ಇಬ್ಬರೂ ಲೆಕ್ಕ ಹಾಕಿಯೇ ಆರಂಭಿಸುತ್ತಾರೆ; ಇಬ್ಬರ ಲೆಕ್ಕವೂ ತಪ್ಪುತ್ತದೆ. ಸಪ್ತಾಪುರದ ಮಾಸ್ತರರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರಾದರೂ ಈ ನಿಯಮಕ್ಕೆ ಹೊರತಾಗಲಿಲ್ಲ. ಅವರ ಲೆಕ್ಕ ತಪ್ಪಿದ ಬಗೆ ಮಾತ್ರ ಬೇರೆ.

ಅವರ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ, 1967ನೆಯ ಇಸವಿಯ ಒಂದು ಫಿಯಟ್ 1100 ನಿಂತಿದೆ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ ಕಟ್ಟಿದ ಗಾಡಿ. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ಕಾಲದಲ್ಲಿ ಮಾಸ್ತರರ ತಂದೆಯವರು ವಕೀಲಿಯ ಗಳಿಕೆಯಿಂದ ಅದನ್ನು ಕೊಂಡಿದ್ದರು. ಅದೇ ವಂಶದ ಪದ್ಮಿನಿ ಮುಂಬಯಿಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದುಡಿದು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿವೃತ್ತಳಾದಳು. ಧಾರವಾಡದ ಈ ಅಕ್ಕ ಮಾತ್ರ ಇನ್ನೂ ಸಪ್ತಾಪುರ ಬಾವಿಯವರೆಗೆ ಹೋಗಿ ಬರುತ್ತಾಳೆ. ಕೋಚಿಂಗ್ ಕ್ಲಾಸಿಗೆ ಬಂದ ಹುಡುಗರು ಪುಸ್ತಕ ಕಂಕುಳಲ್ಲಿ ಇರುಕಿಕೊಂಡು ಅವಳ ಜತೆ ಫೋಟೋ ತೆಗೆಸಿಕೊಳ್ಳುತ್ತಾರೆ.

ಮಾಘಮಾಸದಲ್ಲಿ ಮೊಮ್ಮಗಳ ಮದುವೆ. ಅಜ್ಜನ ಗಾಡಿಯಲ್ಲಿಯೇ ಮಂಟಪಕ್ಕೆ ಹೋಗಬೇಕೆಂದು ಅವಳ ಹಟ. ಗಾಡಿಯೋ, ಬಾಗಿಲಿನ ಅಂಚಿನಲ್ಲಿ ತುಕ್ಕು ಹಿಡಿದು, ಮೈಯೆಲ್ಲ ಬಿರುಕು ಬಿಟ್ಟು ನಿಂತಿತ್ತು.

ಮಾಸ್ತರರು ವಿಚಾರಿಸಿದರು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಯ ಒಂದು ದೊಡ್ಡ ವರ್ಕ್‌ಶಾಪಿನವರು 1,10,000 ರೂಪಾಯಿ ಹೇಳಿದರು. ಧಾರವಾಡದಲ್ಲೇ ಬೀದಿಬದಿಯ ಶೆಡ್ಡಿನಲ್ಲಿ ಕೆಲಸ ಮಾಡುವ ಪೇಂಟರ್ 48,000 ಎಂದ. ಮಾಸ್ತರರು ತಾವೇ ಹಚ್ಚಿದರೆ ಎಷ್ಟೆಂದು ಬರೆದರು: ಬಣ್ಣ, ಪ್ರೈಮರ್, ಪುಟ್ಟಿ 9,000, ಥಿನ್ನರ್ 2,500, ಪಾಲಿಶ್ ಕಾಗದ, ಟೇಪು 1,500, ಕಂಪ್ರೆಸರ್ ಬಾಡಿಗೆ ಎಂಟು ದಿನಕ್ಕೆ 4,000. ಒಟ್ಟು 17,000. ಬಣ್ಣ ಬದಲಿಸಿದರೆ ಆರ್.ಸಿ.ಯಲ್ಲಿಯೂ ಬದಲಿಸಬೇಕಾದೀತೆಂದು ಮೊದಲಿನ ಬೂದುಬಣ್ಣವನ್ನೇ ಗೊತ್ತುಮಾಡಿದರು.

"ಮಳಿ ನಿಂತ ಮ್ಯಾಲ ಮಾಡಿದರ ಆಗೂದಿಲ್ಲೇನು?" ಎಂದು ಮನೆಯಾಕೆ ಕೇಳಿದರು. ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿತ್ತು. ಉತ್ಸಾಹಕ್ಕೆ ಪಂಚಾಂಗವಿಲ್ಲ. ಮಾಸ್ತರರು ನಾಲ್ಕು ದಿನ ಉಜ್ಜಿ, ಪುಟ್ಟಿ ತುಂಬಿ, ಐದನೆಯ ದಿನ ಒಂದು ಬಾಗಿಲಿಗೆ ಬೇಗ ಒಣಗುವ ಎನ್.ಸಿ. ಬಣ್ಣವನ್ನು ಗನ್ನಿನಿಂದ ಸಿಂಪಡಿಸಿದರು. ಅರ್ಧ ಗಂಟೆಯಲ್ಲಿ ಬಾಗಿಲ ತುಂಬ ಮಜ್ಜಿಗೆ ಚೆಲ್ಲಿದಂತೆ ಬಿಳಿಯ ಮಬ್ಬು ಕವಿಯಿತು. ಥಿನ್ನರ್ ಆವಿಯಾಗುವಾಗ ತಗಡನ್ನು ತಣ್ಣಗೆ ಮಾಡುತ್ತದೆ. ತೇವದ ಗಾಳಿಯ ನೀರು ಆ ಹಸಿಬಣ್ಣದ ಮೇಲೆ ಹನಿಗಟ್ಟುತ್ತದೆ. ಮತ್ತೆ ಉಜ್ಜಿದರು, ಮತ್ತೆ ಮಬ್ಬು. ಬಾಡಿಗೆಯ ಎಂಟು ದಿನ ಮುಗಿದಾಗ ಒಂದು ಬಾಗಿಲೂ ಆಗಿರಲಿಲ್ಲ.

ದಸರೆ ಕಳೆದ ಮೇಲೆ ಗಾಡಿ ಬೀದಿಬದಿಯ ಶೆಡ್ಡಿಗೆ ಹೋಯಿತು. ಮಾಸ್ತರರು ದಿನವೂ ಅಲ್ಲಿ ಒಂದು ಸ್ಟೂಲಿನ ಮೇಲೆ ಕುಳಿತು ನೋಡುವರು. ಪೇಂಟರನ ಕೈಯ ಪರಿಣತಿಯನ್ನು ಕಂಡು ಅವರಿಗೆ ತಮ್ಮ ಶ್ರಾವಣದ ಸಾಹಸ ನೆನೆದು ನಾಚಿಕೆಯಾಯಿತು. ಅವನು ಕಣ್ಣಿನಿಂದಲ್ಲ, ಅಂಗೈಯಿಂದ ತಗಡಿನ ಉಬ್ಬುತಗ್ಗು ಓದುತ್ತಿದ್ದ. ಆದರೆ ನಡುನಡುವೆ ಕೆಮ್ಮುತ್ತಿದ್ದ. ಗನ್ ಹಿಡಿದ ದಿನ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ.

"ಇಷ್ಟ ಸಾಕೇನಪಾ?"

"ಇಪ್ಪತ್ತ ವರ್ಷದಿಂದ ಇದ ಐತ್ರೀ ಮಾಸ್ತರ. ಸಂಜೀಕ ಒಂದೀಟು ಬೆಲ್ಲಾ ತಿಂತೀನಿ."

ಆ ಸಂಜೆ ಮಾಸ್ತರರು ರಸಾಯನಶಾಸ್ತ್ರದ ಗೆಳೆಯರನ್ನು ಕೇಳಿದರು. ಈಗಿನ ಹೊಳಪಿನ ಬಣ್ಣಕ್ಕೆ ಬೆರೆಸುವ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ವಸ್ತುವಿರುತ್ತದೆ. ಅದರ ತುಂತುರು ಶ್ವಾಸಕೋಶಕ್ಕೆ ಇಳಿದರೆ ಉಬ್ಬಸ ಹಿಡಿಯಬಹುದು. ಒಮ್ಮೆ ಹಿಡಿದವನಿಗೆ ಆಮೇಲೆ ಅತ್ಯಲ್ಪ ಪ್ರಮಾಣವೂ ಅಪಾಯ. ಬಟ್ಟೆ ಅದನ್ನು ತಡೆಯದು, ಬೆಲ್ಲ ಅದನ್ನು ಕರಗಿಸದು.

ಮಾಸ್ತರರು ರಾತ್ರಿ ಮತ್ತೆ ಕಾಗದ ತೆಗೆದರು. 48,000ದಲ್ಲಿ ಸಾಮಾನಿಗೆ 20,000. ಉಳಿದದ್ದು 28,000. ಇಬ್ಬರ ಇಪ್ಪತ್ತು ದಿನದ ದುಡಿಮೆ. ಆಳಿಗೆ ದಿನಕ್ಕೆ 700. ಅದರಲ್ಲಿಯೇ ಶೆಡ್ಡಿನ ಬಾಡಿಗೆ, ಕರೆಂಟು. ಹುಬ್ಬಳ್ಳಿಯ ದರಕ್ಕೂ ಇದಕ್ಕೂ 62,000ದ ಅಂತರ. ಆ ಅಂತರದಲ್ಲಿ ಅವರ ಲಾಭವೂ ಇದ್ದೀತು. ಆದರೆ ಹೊಗೆ ಎಳೆಯುವ ಫ್ಯಾನು, ಮುಚ್ಚಿದ ಕೋಣೆ, ಕೊಳವೆಯಿಂದ ಶುದ್ಧ ಗಾಳಿ ಬರುವ ಮುಖವಾಡಗಳೂ ಇದ್ದವು. ಅಗ್ಗವಾಗಿ ಸಿಕ್ಕಿತೆಂದು ತಾವು ಹಿಗ್ಗಿದ ಹಣದ ಒಂದು ಪಾಲನ್ನು ಇನ್ನೊಬ್ಬನ ಎದೆ ತೆರುತ್ತಿದೆ ಎಂಬುದು ಅವರಿಗೆ ಆಗ ಹೊಳೆಯಿತು. ಅವರು ಮರುದಿನ ಕಾರ್ಟ್ರಿಜ್ ಇರುವ ಒಂದು ಮುಖವಾಡವನ್ನು ಕೊಂಡೊಯ್ದರು. ಹುಬ್ಬಳ್ಳಿಯದಕ್ಕೆ ಅದು ಸಮನಲ್ಲವಾದರೂ ಕರವಸ್ತ್ರಕ್ಕಿಂತ ಎಷ್ಟೋ ಮೇಲು. ಪೇಂಟರ್ ಮೊದಲು ನಕ್ಕ. ಬಳಿಕ, "ಉಸಿರ ಕಟ್ಟತೈತ್ರೀ" ಎಂದ. ಮಾಸ್ತರರು ಸ್ಟೂಲಿನಿಂದ ಏಳಲಿಲ್ಲವಾದ್ದರಿಂದ ಹಾಕಿಕೊಂಡ.

ಗಾಡಿ ಕನ್ನಡಿಯಂತಾಗಿ ಮನೆಗೆ ಬಂತು. ಮಾಘದಲ್ಲಿ ಮೊಮ್ಮಗಳು ಅದರಲ್ಲಿಯೇ ಮಂಟಪಕ್ಕೆ ಹೋದಳು. ಬೀಗರು, "ಬಣ್ಣಕ್ಕ ಎಷ್ಟ ಬಿತ್ರೀ?" ಎಂದು ಕೇಳಿದರು. ಉತ್ತರಕ್ಕೆ ಮಾಸ್ತರರು ತುಸು ತಡವರಿಸಿದರು.

ಮದುವೆಯ ಗದ್ದಲ ಇಳಿದ ಮೇಲೆ ಅವರು ಶೆಡ್ಡಿನ ಕಡೆ ಹೋದಾಗ ಮುಖವಾಡ ಮೊಳೆಗೆ ತೂಗುತ್ತಿತ್ತು. ಪೇಂಟರ್ ಬೇರೊಂದು ಗಾಡಿಯ ಮುಂದೆ ಕರವಸ್ತ್ರ ಕಟ್ಟಿಕೊಂಡು ನಿಂತಿದ್ದ. "ಅದರೊಳಗಿನ ಡಬ್ಬಿ ಮುಗದಾವ್ರೀ. ಹೊಸಾವು ತರಬೇಕು," ಎಂದು ಅಪರಾಧಿಯಂತೆ ಹೇಳಿದ. ಮಾಸ್ತರರು ಏನೂ ಅನ್ನಲಿಲ್ಲ. ಮನೆಗೆ ಬಂದು ಹಳೆಯ ಕಾಗದವನ್ನು ಹುಡುಕಿ, ಒಟ್ಟು ಎಂದು ಎಳೆದಿದ್ದ ಗೆರೆಯನ್ನು ಹೊಡೆದುಹಾಕಿ, ಅದರ ಕೆಳಗೆ ಬರೆದರು: ಡಬ್ಬಿ, ಎರಡು ಜೋಡಿ.