ಹೆಬ್ಬೆರಳು ಎತ್ತಿದರೆ ಪ್ರಶ್ನೆ ಇಲ್ಲ

ಇಬ್ಬರಿಗೂ ಹಿತವಾಗುವಂಥ ಪ್ರವಾಸ ಎಂದು ಹೇಳುವುದು ಸುಲಭ. ಕಾಗದ ಪೆನ್ನು ಹಿಡಿದು ಯೋಜನೆ ಹಾಕಲು ಕೂತಾಗ ಮಾತ್ರ ಒಬ್ಬರ ಹಿತ ಇನ್ನೊಬ್ಬರ ಸಹನೆಯ ಮೇಲೆ ನಿಂತಿರುತ್ತದೆ ಎಂದು ತಿಳಿಯುತ್ತದೆ. ನಮ್ಮಲ್ಲಿ ಇದಕ್ಕೆ ‘ಅಡ್ಜಸ್ಟ್ ಮಾಡ್ಕೊಳ್ಳೋದು’ ಎಂಬ ಸರ್ವಮಾನ್ಯ ಹೆಸರಿದೆ. ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಮಾಡಿಕೊಡುವುದರಿಂದ ಹಿಡಿದು ಇಪ್ಪತ್ತಮೂರು ವರ್ಷದ ದಾಂಪತ್ಯದವರೆಗೆ ಎಲ್ಲವೂ ಈ ಒಂದು ಪದದ ಮೇಲೆ ನಡೆದುಬಂದಿದೆ. ಗಿರಿಧಾಮಕ್ಕೆ, ದೇವಸ್ಥಾನಕ್ಕೆ, ನೆಂಟರ ಮದುವೆಗೆ ಹೋಗುವಾಗ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೆಲಸ ಮಾಡದ ಒಂದು ಜಾಗ ಸಮುದ್ರದ ಒಳಗಿದೆ.

ನೀರಿನೊಳಗೆ ಇಳಿಯಬೇಕೆಂಬ ಆಸೆ ನನ್ನದು. ಕಾಲೇಜು ದಿನಗಳಲ್ಲಿ ಮೈಸೂರಿನ ಒಂದು ಚಿತ್ರ ಪ್ರದರ್ಶನದಲ್ಲಿ ಜಾಕ್ ಕುಸ್ಟೋ ಅವರ ‘ದಿ ಸೈಲೆಂಟ್ ವರ್ಲ್ಡ್’ ನೋಡಿದ್ದೆ. 1956ರ ಚಿತ್ರ. 1943ರಲ್ಲಿ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ಜೊತೆ ಸೇರಿ ಆಕ್ವಾಲಂಗ್ ಎಂಬ ಉಸಿರಾಟದ ಸಾಧನ ರೂಪಿಸಿದವರು ಇದೇ ಕುಸ್ಟೋ. ಹಡಗಿನಿಂದ ಬರುವ ಗಾಳಿಯ ಕೊಳವೆಯ ಹಂಗಿಲ್ಲದೆ, ಬೆನ್ನಿಗೊಂದು ಸಿಲಿಂಡರ್ ಕಟ್ಟಿಕೊಂಡು ಮನುಷ್ಯ ಮೀನಿನ ಹಾಗೆ ತಿರುಗಾಡುವುದನ್ನು ನೋಡಿ ನನಗೆ ಅವತ್ತೇ ಹುಚ್ಚು ಹಿಡಿದಿತ್ತು. ಮಗಳು ಓದಲು ಬೇರೆ ಊರಿಗೆ ಹೋದ ಮೇಲೆ, ನಲವತ್ತೆಂಟನೇ ವಯಸ್ಸಿನಲ್ಲಿ, ಆ ಮಾತನ್ನು ಮತ್ತೆ ತೆಗೆದೆ. ನನ್ನ ಗಂಡ ಚಿತ್ರದುರ್ಗದ ಕಡೆಯವರು. ಇವರ ಬಾಲ್ಯದಲ್ಲಿ ನೀರು ಎಂದರೆ ಸೇದುವ ಬಾವಿ, ಮಳೆ ಬಂದ ವರ್ಷ ಮಾತ್ರ ತುಂಬುವ ಕೆರೆ. ಈಜು ಬಾರದು. ಆದರೂ ‘ಹೋಗೋಣ, ಅದಕ್ಕೇನಂತೆ’ ಎಂದರು. ಆ ‘ಅದಕ್ಕೇನಂತೆ’ಯಲ್ಲಿ ಎಷ್ಟು ಒಪ್ಪಿಗೆ, ಎಷ್ಟು ಅಡ್ಜಸ್ಟ್‌ಮೆಂಟು ಎಂದು ಹೊರಗಿನಿಂದ ಹೇಳಲು ಬರುವಂತಿರಲಿಲ್ಲ.

ಮೊದಲು ಜಾಗ ಗೊತ್ತಾಗಬೇಕಿತ್ತು. ಹತ್ತಿರದ್ದೆಂದರೆ ನಮ್ಮ ನೇತ್ರಾಣಿಯೇ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಕಡಲಿನ ನಡುವೆ ಎದ್ದು ನಿಂತ ಜನವಸತಿಯಿಲ್ಲದ ಬಂಡೆದ್ವೀಪ. ಆದರೆ ಅಲ್ಲಿ ದೋಣಿಯಿಂದಲೇ ನೀರಿಗೆ ಇಳಿಯಬೇಕು. ಇಳಿಯದವರು ಅಲೆಗಳ ಮೇಲೆ ತೂಗುವ ದೋಣಿಯಲ್ಲೇ ಕೂತು ಹೊಟ್ಟೆ ಹಿಡಿದುಕೊಳ್ಳಬೇಕು. ಲಕ್ಷದ್ವೀಪಕ್ಕೆ ಮೊದಲೇ ಪ್ರವೇಶ ಪರವಾನಗಿ ಬೇಕು. ಮಾಲ್ಡೀವ್ಸ್ ಸುಂದರ, ಆದರೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬಂಥ ಕಡೆ ನೀರು ಬೇಡವೆನಿಸಿದವರಿಗೆ ತಿರುಗಾಡಲು ಒಂದು ಊರು ಎನ್ನುವುದೇ ಇರುವುದಿಲ್ಲ. ಹೀಗೆ ಒಂದೊಂದನ್ನೇ ತೂಗುವಾಗ ನಮಗೊಂದು ಅಳತೆಗೋಲು ಸಿಕ್ಕಿತು. ಡೈವಿಂಗ್ ಪ್ರವಾಸದ ಜಾಗವನ್ನು ಡೈವ್ ಮಾಡುವವರಿಗೆ ಎಷ್ಟು ಚಂದ ಎಂದು ನೋಡಿ ಆರಿಸಬಾರದು, ಡೈವ್ ಮಾಡದವರಿಗೆ ಎಷ್ಟು ಸಹ್ಯ ಎಂದು ನೋಡಿ ಆರಿಸಬೇಕು.

ಆ ಅಳತೆಗೆ ಹೊಂದಿದ್ದು ಅಂಡಮಾನಿನ ಹ್ಯಾವ್‌ಲಾಕ್. 2018ರಿಂದ ಅದರ ಅಧಿಕೃತ ಹೆಸರು ಸ್ವರಾಜ್ ದ್ವೀಪ. ಅದು ಬರೀ ರೆಸಾರ್ಟುಗಳ ದ್ವೀಪವಲ್ಲ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು ನೆಲೆನಿಂತ ಗೋವಿಂದನಗರ, ವಿಜಯನಗರ, ರಾಧಾನಗರ ಎಂಬ ಹಳ್ಳಿಗಳಿವೆ. ಅಡಿಕೆ ತೋಟ, ಗದ್ದೆ, ಮೀನಿನ ಸಂತೆ, ಚಹಾದಂಗಡಿಗಳಿವೆ. ದಡದಿಂದಲೇ ನಡೆದು ಇಳಿಯಬಹುದಾದ ಆಳವಿಲ್ಲದ ಹವಳದ ದಿಬ್ಬವೂ ಇದೆ. ಮೇ ತಿಂಗಳಲ್ಲಿ ಮುಂಗಾರು ಹಿಡಿಯುವ ಮೊದಲು ಕಡಲು ಶಾಂತವಾಗಿರುತ್ತದೆ ಎಂದು ಫೆಬ್ರವರಿಯನ್ನು ಗೊತ್ತುಮಾಡಿಕೊಂಡೆವು. ಡಿಸೆಂಬರಿನ ಜನಜಂಗುಳಿ ಆ ಹೊತ್ತಿಗೆ ಕರಗಿರುತ್ತದೆ.

ಪ್ಯಾಕೇಜಿನವರು ಐದು ದಿನದಲ್ಲಿ ಮೂರು ದ್ವೀಪ ತೋರಿಸುತ್ತೇವೆ ಎನ್ನುತ್ತಾರೆ. ನಾವು ಏಳು ರಾತ್ರಿಗೆ ಒಂದೇ ದ್ವೀಪ ಇಟ್ಟುಕೊಂಡೆವು. ಬರುವಾಗ ಪೋರ್ಟ್ ಬ್ಲೇರಿನಲ್ಲಿ ಒಂದು ರಾತ್ರಿ, ಹ್ಯಾವ್‌ಲಾಕಿನಲ್ಲಿ ಐದು, ಹಿಂದಿರುಗುವಾಗ ಮತ್ತೆ ಪೋರ್ಟ್ ಬ್ಲೇರಿನಲ್ಲಿ ಒಂದು. ಕೊನೆಯ ರಾತ್ರಿ ಸೋಮಾರಿತನದ್ದಲ್ಲ. ಆಳದಲ್ಲಿ ಒತ್ತಡದ ಗಾಳಿ ಉಸಿರಾಡುವಾಗ ಸಾರಜನಕ ಮೈಯಲ್ಲಿ ಕರಗಿಕೊಳ್ಳುತ್ತದೆ. ಅದು ನಿಧಾನವಾಗಿ ಹೊರಗೆ ಹೋಗುವ ಮೊದಲೇ ವಿಮಾನ ಹತ್ತಿದರೆ, ಅಲ್ಲಿನ ಕಡಿಮೆ ಒತ್ತಡದಲ್ಲಿ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಮೈಯೊಳಗೆ ಗುಳ್ಳೆಗಳೇಳಬಹುದು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ದಿನ ಇಳಿದಿದ್ದರೆ 18 ಗಂಟೆ ಆದ ಮೇಲೆಯೇ ಹಾರಬೇಕು. ಆ ಕಡ್ಡಾಯ ವಿರಾಮದ ದಿನವನ್ನು ಸೆಲ್ಯುಲರ್ ಜೈಲಿಗೆಂದು ಬಿಟ್ಟುಕೊಂಡೆವು.

ಉಳಿದ ವಿವರ ಬೇಗ ಮುಗಿಯಿತು. ಕೋಣೆ ಸಾಧಾರಣವಾದರೂ ಸರಿ, ಮೊದಲ ದಿನ ಒಬ್ಬರಿಗೆ ಒಬ್ಬ ತರಬೇತುದಾರ ಇರಬೇಕು ಎಂದು ಹಣವನ್ನು ಅಲ್ಲಿ ಹಾಕಿದೆವು. ಪ್ರವಾಸದ ವಿಮೆಯಲ್ಲಿ ಸ್ಕೂಬಾ ಸೇರಿದೆಯೇ ಎಂದು ಸಣ್ಣ ಅಕ್ಷರಗಳನ್ನು ಓದಿದೆವು.

ನಿಜವಾದ ಯೋಜನೆ ಶುರುವಾದದ್ದು ಆರೋಗ್ಯದ ಪ್ರಶ್ನಾವಳಿ ಕೈಗೆ ಬಂದಾಗ. ಡೈವ್ ಮಾಡುವ ಮುನ್ನ ತುಂಬಬೇಕಾದ ಹಾಳೆ ಅದು. ಉಬ್ಬಸ ಇದೆಯೇ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ, ಸಕ್ಕರೆ, ರಕ್ತದೊತ್ತಡ, 45 ದಾಟಿದೆಯೇ, ಗಾಬರಿಯ ತೊಂದರೆಗೆ ಎಂದಾದರೂ ಒಳಗಾಗಿದ್ದೀರಾ. ಜಾತಕ ಕೂಡ ಇಷ್ಟು ವಿಚಾರಿಸುವುದಿಲ್ಲ. ಊಟದ ಮೇಜಿನ ಮೇಲೆ ಇಬ್ಬರೂ ಅಕ್ಕಪಕ್ಕ ಕೂತು ತುಂಬುತ್ತಿದ್ದೆವು. ಗಾಬರಿಯ ಪ್ರಶ್ನೆಯ ಹತ್ತಿರ ಇವರ ಪೆನ್ನು ನಿಂತಿತು. ಆಮೇಲೆ ‘ಹೌದು’ ಎಂದು ಬರೆದರು. ಲಿಫ್ಟಿನ ಬಾಗಿಲು ಮುಚ್ಚಿದರೆ ಉಸಿರು ಕಟ್ಟಿದಂತಾಗುತ್ತದೆಯಂತೆ. ನಮ್ಮದು ನಾಲ್ಕನೇ ಮಹಡಿ. ಹನ್ನೊಂದು ವರ್ಷದಿಂದ ಮೆಟ್ಟಿಲು ಹತ್ತುತ್ತಿದ್ದಾರೆ, ವ್ಯಾಯಾಮಕ್ಕೆ ಎಂದು ಮನೆಯವರೆಲ್ಲ ಮೆಚ್ಚಿಕೊಂಡಿದ್ದೇವೆ.

‘ಹೌದು’ ಎಂದವರಿಗೆ ವೈದ್ಯರ ಒಪ್ಪಿಗೆ ಬೇಕು. ವೈದ್ಯರು ಇವರ ರಕ್ತದೊತ್ತಡ ನೋಡಿ, ಮಾತ್ರೆಯಿಂದ ಹತೋಟಿಯಲ್ಲಿದೆ ಎಂದರು. ಗಾಬರಿಯ ವಿಷಯವನ್ನು ಕೂಲಂಕಷವಾಗಿ ಕೇಳಿಕೊಂಡು, ಆಳವಿಲ್ಲದ ಕಡೆ ಒಮ್ಮೆ ಪ್ರಯತ್ನಿಸಬಹುದು, ಮನಸ್ಸಿದ್ದರೆ ಮಾತ್ರ ಎಂದು ಸಹಿ ಹಾಕಿದರು. ‘ಮನಸ್ಸಿದೆಯಾ?’ ಎಂದು ನಾನು ಆಟೋದಲ್ಲಿ ಕೇಳಿದೆ. ‘ನೋಡೋಣ’ ಎಂದರು. ‘ಅದಕ್ಕೇನಂತೆ’ಗಿಂತ ಇದು ಹೆಚ್ಚು ಪ್ರಾಮಾಣಿಕವಾಗಿತ್ತು.

ಹ್ಯಾವ್‌ಲಾಕಿನಲ್ಲಿ ನಮಗೆ ಸಿಕ್ಕ ಹಿರಿಯ ತರಬೇತುದಾರ ಮಾಯಾಬಂದರ್ ಕಡೆಯ ಕರೆನ್ ಸಮುದಾಯದವನು. 1925ರಲ್ಲಿ ಬ್ರಿಟಿಷರು ಕಾಡಿನ ಕೆಲಸಕ್ಕೆಂದು ಬರ್ಮಾದಿಂದ ಕರೆತಂದ ಜನ ಇವರು. ಕಡಿಮೆ ಮಾತಿನ ಹುಡುಗ. ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲಿಸಿ ಕೈಸನ್ನೆ ಕಲಿಸಿದ. ಹೆಬ್ಬೆರಳು ತೋರುಬೆರಳು ಸೇರಿಸಿ ಸುತ್ತು ಮಾಡಿದರೆ ‘ಸರಿಯಿದೆ’. ಅಂಗೈ ಅಲ್ಲಾಡಿಸಿದರೆ ‘ಏನೋ ಸರಿಯಿಲ್ಲ’. ನಾವು ಮೇಲೆ ಎಲ್ಲದಕ್ಕೂ ‘ಸೂಪರ್’ ಎಂದು ಎತ್ತುವ ಹೆಬ್ಬೆರಳಿಗೆ ಅಲ್ಲಿ ಅರ್ಥವೇ ಬೇರೆ: ‘ಮೇಲೆ ಹೋಗೋಣ.’ ಆಮೇಲೆ ಹಿಂದಿಯಲ್ಲಿ ಒಂದು ನಿಯಮ ಹೇಳಿದ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾವ ಕಾರಣಕ್ಕೆ ಬೇಕಾದರೂ ಹೆಬ್ಬೆರಳು ಎತ್ತಬಹುದು. ಎತ್ತಿದರೆ ಎಲ್ಲರೂ ನಿಧಾನವಾಗಿ ಮೇಲೆ ಬರಬೇಕು. ಮೇಲೆ ಬಂದ ಮೇಲೆ ಯಾಕೆ ಎಂದು ಯಾರೂ ಕೇಳಬಾರದು.

ಇದು ಅವನೊಬ್ಬನ ಸೌಜನ್ಯವಲ್ಲ, ಡೈವರುಗಳ ಲೋಕದಲ್ಲಿ ಎಲ್ಲರೂ ಪಾಲಿಸುವ ನಡಾವಳಿ. ಇದರ ಹಿಂದೆ ಗಟ್ಟಿ ಕಾರಣವಿದೆ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಹತ್ತು ಮೀಟರಿನಲ್ಲಿ ತುಂಬಿಕೊಂಡ ಉಸಿರನ್ನು ಕಟ್ಟಿ ಹಿಡಿದು ಮೇಲೆ ಧಾವಿಸಿದರೆ ಅದೇ ಗಾಳಿ ಎರಡರಷ್ಟು ಹಿಗ್ಗಿ ಶ್ವಾಸಕೋಶವನ್ನು ಹರಿಯಬಲ್ಲದು. ಹಾಗಾಗಿ ಸ್ಕೂಬಾದ ಮೊದಲ ಪಾಠವೇ ಉಸಿರು ಕಟ್ಟಬೇಡಿ ಎಂಬುದು. ಸಂಕೋಚಕ್ಕೆ ಬಾಯಿಮುಚ್ಚಿಕೊಂಡು, ಹಲ್ಲುಕಚ್ಚಿ ತಡೆದುಕೊಂಡು, ಕೊನೆಗೆ ತಡೆಯಲಾರದೆ ಮೇಲಕ್ಕೆ ನುಗ್ಗುವವರೇ ಹೆಚ್ಚು ಅಪಾಯಕ್ಕೆ ಸಿಲುಕುತ್ತಾರೆ. ಮೊದಲೇ ಶಾಂತವಾಗಿ ‘ಸಾಕು’ ಎಂದವರಿಗೆ ಏನೂ ಆಗುವುದಿಲ್ಲ. ಕಾರಣ ಕೇಳುತ್ತಾರೆಂಬ ಹೆದರಿಕೆ ಇದ್ದರೆ ಜನ ಮೊದಲೇ ಹೇಳುವುದಿಲ್ಲ. ಅದಕ್ಕೇ ಕೇಳಬಾರದು. ಜೋಡಿಯಾಗಿ ಇಳಿಯುವವರಿಗೆ ಇನ್ನೊಂದು ಲೆಕ್ಕವೂ ಇದೆ. ಇಬ್ಬರಲ್ಲಿ ಯಾರ ಸಿಲಿಂಡರಿನಲ್ಲಿ ಗಾಳಿ ಕಡಿಮೆಯಿದೆಯೋ ಅವರ ಲೆಕ್ಕದ ಮೇಲೆ ಇಬ್ಬರೂ ಹಿಂದಿರುಗಬೇಕು. ಹೆಚ್ಚು ಉಳಿಸಿಕೊಂಡವರು ಇದರಲ್ಲಿ ತ್ಯಾಗವನ್ನೇನೂ ಮಾಡಿದಂತಲ್ಲ. ಅದು ಬರೀ ಲೆಕ್ಕ.

ಮೂರನೇ ದಿನ ಬೆಳಿಗ್ಗೆ ಇಬ್ಬರೂ ದಡದಿಂದ ನಡೆದು ಇಳಿದೆವು. ಒಬ್ಬೊಬ್ಬರ ಬೆನ್ನಿಗೂ ಒಬ್ಬೊಬ್ಬ ತರಬೇತುದಾರ. ಎರಡು ಮೀಟರ್, ಮೂರು ಮೀಟರ್. ಮೂಗು ಹಿಡಿದು ಕಿವಿಯ ಒತ್ತಡ ಸರಿಮಾಡಿಕೊಳ್ಳುತ್ತ ಇವರ ಕಡೆ ನೋಡಿದೆ. ಗುಳ್ಳೆಗಳು ಬೇಗಬೇಗ ಏಳುತ್ತಿದ್ದವು. ನಾಲ್ಕು ಮೀಟರ್ ಹತ್ತಿರ ಇವರು ಸುತ್ತ ಒಮ್ಮೆ ನೋಡಿ, ಹೆಬ್ಬೆರಳು ಎತ್ತಿದರು. ಮೇಲೆ ಬಂದೆವು. ಇವರು ಬಾಯಿಂದ ರೆಗ್ಯುಲೇಟರ್ ತೆಗೆದು ಆಕಾಶ ನೋಡುತ್ತ ತೇಲಿದರು. ನನ್ನ ನಾಲಿಗೆಯ ತುದಿಗೆ ‘ಏನಾಯ್ತು?’ ಬಂದಿತ್ತು, ನುಂಗಿಕೊಂಡೆ. ‘ಇನ್ನೊಂದು ಸಲ ಪ್ರಯತ್ನಿಸಿ’ ಎಂದು ಯಾರೂ ಹುರಿದುಂಬಿಸಲಿಲ್ಲ, ‘ಪರವಾಗಿಲ್ಲ ಬಿಡಿ’ ಎಂದು ಯಾರೂ ಸಮಾಧಾನವನ್ನೂ ಹೇಳಲಿಲ್ಲ. ಐದು ನಿಮಿಷ ಬಿಟ್ಟು ಇವರೇ ಹೇಳಿದರು: ‘ನನಗೆ ಇಷ್ಟು ಸಾಕು. ನೀನು ಹೋಗಿ ಬಾ.’

ಹೋಗಿ ಬಂದೆ. ಕೆಂಪು ಬಣ್ಣ ಮೊದಲು ಕಳೆದುಹೋಗುತ್ತದೆ, ಆಮೇಲೆ ಶಬ್ದದ ದಿಕ್ಕು. ಉಳಿಯುವುದು ನಮ್ಮ ಉಸಿರಿನ ಸದ್ದು ಮಾತ್ರ. ಕಡಲ ಹೂವಿನ ಬೆರಳುಗಳ ನಡುವೆ ಕಿತ್ತಳೆ ಬಣ್ಣದ ಕ್ಲೌನ್ ಮೀನುಗಳಿದ್ದವು. ಅವುಗಳ ಸಂಸಾರದಲ್ಲಿ ಹೆಣ್ಣೇ ದೊಡ್ಡವಳು. ಅವಳು ಸತ್ತರೆ ಗಂಡೇ ಹೆಣ್ಣಾಗಿ ಮನೆ ನಡೆಸುತ್ತದೆ. ಮರಳಿನಲ್ಲೊಂದು ಬಿಲದ ಹತ್ತಿರ ತರಬೇತುದಾರ ನನ್ನನ್ನು ತಡೆದು ನಿಲ್ಲಿಸಿದ. ಸರಿಯಾಗಿ ಕಣ್ಣು ಕಾಣದ ಒಂದು ಸೀಗಡಿ ಬುಲ್ಡೋಜರಿನ ಹಾಗೆ ಬಿಲದಿಂದ ಮರಳು ತಳ್ಳುತ್ತಿತ್ತು. ಬಾಗಿಲಲ್ಲಿ ಗೋಬಿ ಎಂಬ ಪುಟ್ಟ ಮೀನು ಕಾವಲು ನಿಂತಿತ್ತು. ಸೀಗಡಿ ಹೊರಗೆ ಬಂದಾಗಲೆಲ್ಲ ತನ್ನ ಮೀಸೆಯೊಂದನ್ನು ಮೀನಿನ ಮೈಗೆ ತಾಗಿಸಿಯೇ ಇಡುತ್ತದೆ. ಮೀನು ಬಾಲ ಅದುರಿಸಿದರೆ ಸೀಗಡಿ ಕೆಲಸ ಬಿಟ್ಟು ತಕ್ಷಣ ಒಳಗೆ. ಅಪಾಯ ಯಾವುದು, ಎಷ್ಟು ದೊಡ್ಡದು ಎಂಬ ವಿಚಾರಣೆ ಅಲ್ಲಿಲ್ಲ.

ಎಲ್ಲವೂ ಚಂದವಿತ್ತು ಎಂದರೆ ಸುಳ್ಳಾಗುತ್ತದೆ. ದಿಬ್ಬದ ಕೆಲವು ಕಡೆ ಹವಳ ಮುರಿದ ಎಲುಬಿನ ರಾಶಿಯಂತೆ ಬಿದ್ದಿತ್ತು. ಬೇಸಿಗೆಯ ಗರಿಷ್ಠಕ್ಕಿಂತ ಬರೀ ಒಂದು ಡಿಗ್ರಿ ಹೆಚ್ಚು ಬಿಸಿ ಕೆಲವು ವಾರ ನಿಂತರೆ ಸಾಕು, ಹವಳದ ಹುಳು ತನಗೆ ಅನ್ನ, ಬಣ್ಣ ಎರಡನ್ನೂ ಕೊಡುವ ಪಾಚಿಯನ್ನು ಹೊರಹಾಕಿ ಬಿಳುಚಿಕೊಳ್ಳುತ್ತದೆ. ಅಂಡಮಾನ್ 2010ರಲ್ಲಿ, ಮತ್ತೆ 2016ರಲ್ಲಿ ಇದನ್ನು ಕಂಡಿದೆ. ಅದರ ಮಾತೆತ್ತಿದಾಗ ಮಾತ್ರ ಆ ಹುಡುಗ ಸ್ವಲ್ಪ ಹೆಚ್ಚು ಮಾತಾಡಿದ. ಹವಳಕ್ಕೆ ಎತ್ತಲು ಹೆಬ್ಬೆರಳಿಲ್ಲ. ಬಿಳುಚುವುದೊಂದೇ ಅದರ ಸನ್ನೆ, ಅದೂ ತಡವಾಗಿ.

ಮುಂದಿನ ಮೂರು ದಿನ ನಾನು ಕೋರ್ಸು ಮುಗಿಸಿದೆ. 18 ಮೀಟರಿನವರೆಗೆ ಹೋಗಲು ಅನುಮತಿ ಕೊಡುವ ಓಪನ್ ವಾಟರ್ ಪ್ರಮಾಣಪತ್ರ ಅದು. 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ನನ್ನ ಜೋಡಿ ಪುಣೆಯ ಒಬ್ಬ ವಿದ್ಯಾರ್ಥಿನಿ, ನನ್ನ ಮಗಳ ವಯಸ್ಸಿನವಳು. ಇವರು ಬೆಳಿಗ್ಗೆ ಚಹಾದಂಗಡಿಯಲ್ಲಿ ಕೂತು ಅಲ್ಲಿನ ಹಿರಿಯರಿಂದ ಅಡಿಕೆಯ ಧಾರಣೆ ವಿಚಾರಿಸುತ್ತಿದ್ದರು, ಮಧ್ಯಾಹ್ನ ಬೇವಿನ ಮರದಷ್ಟು ದಪ್ಪದ ಕಡಲ ಮರಗಳ ನೆರಳಿನಲ್ಲಿ ಓದುತ್ತಿದ್ದರು. ಐದನೇ ದಿನ ತಾವಾಗಿಯೇ ಲೈಫ್ ಜಾಕೆಟ್ ತೊಟ್ಟು, ಸ್ನಾರ್ಕೆಲ್ ಕಚ್ಚಿ ನೀರಿಗೆ ಬಂದರು. ಮುಖ ಮಾತ್ರ ನೀರಿನಲ್ಲಿ, ಬೆನ್ನಿಗೆ ಬಿಸಿಲು. ನಾನು ಆರು ಮೀಟರ್ ಕೆಳಗಿದ್ದೆ. ತಲೆಯೆತ್ತಿದಾಗ ಬೆಳಕಿನ ಚಾವಣಿಗೆ ಅಂಟಿಕೊಂಡಂತೆ ಇವರ ನೆರಳು, ನಿಧಾನವಾಗಿ ಆಡುವ ಎರಡು ಪಾದ. ನನ್ನ ಉಸಿರಿನ ಗುಳ್ಳೆಗಳು ದೊಡ್ಡದಾಗುತ್ತ ಹೋಗಿ ಇವರ ಹೊಟ್ಟೆಗೆ ಬಡಿದು ಒಡೆಯುತ್ತಿದ್ದವು. ಕಚಗುಳಿಯಾಯಿತು ಎಂದು ಆಮೇಲೆ ಹೇಳಿದರು. ಲಿಫ್ಟಿನ ಉಸಿರುಕಟ್ಟು ಅಲ್ಲಿರಲಿಲ್ಲವಂತೆ, ತಲೆಯೆತ್ತಿದರೆ ಆಕಾಶವಿತ್ತಲ್ಲ.

ಹಿತವಾದ ಪ್ರವಾಸ ಹೇಗೆ ಹಾಕಿಕೊಳ್ಳಬೇಕು ಎಂದು ಗೆಳತಿಯರು ಕೇಳಿದಾಗ ತಿಂಗಳು, ದೋಣಿ, ಕೋಣೆ ಎಲ್ಲ ಹೇಳುತ್ತೇನೆ. ಇಬ್ಬರೂ ಆ ಆರೋಗ್ಯದ ಹಾಳೆಯನ್ನು ಅಕ್ಕಪಕ್ಕ ಕೂತು, ನಿಜ ಬರೆದು ತುಂಬಿ ಎಂದು ವಿಶೇಷವಾಗಿ ಹೇಳುತ್ತೇನೆ. ಇಬ್ಬರೂ ಒಂದೇ ಆಳಕ್ಕೆ ಇಳಿಯಬೇಕೆಂಬ ಹಟ ಬೇಡ ಎಂದೂ ಸೇರಿಸುತ್ತೇನೆ.

ನಿಯಮ ನಮ್ಮ ಜೊತೆ ಬೆಂಗಳೂರಿಗೂ ಬಂದಿದೆ. ಕಳೆದ ತಿಂಗಳು ಒಂದು ಆರತಕ್ಷತೆಯಲ್ಲಿ, ಫೋಟೋಕ್ಕೆ ನಿಂತ ಉದ್ದನೆಯ ಸಾಲಿನ ನಡುವೆ, ಇವರು ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿದರು. ಹಿಂದೆ ನಿಂತಿದ್ದ ಚಿಕ್ಕಮ್ಮ ಅಲಂಕಾರವನ್ನು ಮೆಚ್ಚಿಕೊಂಡರು ಎಂದುಕೊಂಡು ತಲೆಯಾಡಿಸಿದರು. ನಾವು ಊಟ ಮಾಡದೆ ಹೊರಟುಬಂದೆವು. ದಾರಿಯಲ್ಲಿ ದೋಸೆ ತಿಂದೆವು. ಯಾಕೆ ಎಂದು ನಾನು ಇಂದಿಗೂ ಕೇಳಿಲ್ಲ.

ಬರುವ ಚಳಿಗಾಲಕ್ಕೆ ನೇತ್ರಾಣಿಯ ಯೋಜನೆ ನಡೆದಿದೆ. ದೋಣಿಯಲ್ಲಿ ನಾನೊಬ್ಬಳೇ. ಇವರು ಆ ಹೊತ್ತಿಗೆ ಭಟ್ಕಳದಲ್ಲಿ ಕೇತಪೈ ನಾರಾಯಣ ದೇವಸ್ಥಾನದ ಕಲ್ಲಿನ ಕೆತ್ತನೆ ನೋಡುತ್ತಿರುತ್ತಾರೆ. ಸಂಜೆ ಮುರುಡೇಶ್ವರದಲ್ಲಿ ಭೇಟಿ ಎಂದು ಕಾಗದದಲ್ಲಿ ಬರೆದುಕೊಂಡಿದ್ದೇವೆ.