ಜುಲೈ ಮಳೇಲೂ ಮೊಟ್ಟೆಗೆ ನೀರಿಡಬೇಕು!

ಹೊರಗೆ ಮಳೆ ಸುರೀತಾನೇ ಇದೆ. ಹಗ್ಗದ ಮೇಲಿನ ಬಟ್ಟೆ ಒಣಗೋ ಲಕ್ಷಣವಿಲ್ಲ, ಬೀರುವಿನಲ್ಲಿರೋ ಬೆಲ್ಟಿಗೂ ಬೂಷ್ಟು. ಅಂಥದ್ರಲ್ಲಿ ನಾನು ಇನ್‌ಕ್ಯುಬೇಟರ್ ತಟ್ಟೆಗೆ ನೀರು ಹೊಯ್ತಿದ್ದೀನಿ. ನೋಡಿದವರಿಗೆ ನಗು: "ಮಡಿಕೇರೀಲಿ ತೇವ ಸಾಲದೇನ್ರೀ?"

ಸಾಲಲ್ಲ ಕಣ್ರಿ! ಕೋಣೆಯ 20 ಡಿಗ್ರಿಯ ನೆಂದ ಗಾಳಿ ಪೆಟ್ಟಿಗೆಯೊಳಗೆ 37.5ಕ್ಕೆ ಬಿಸಿಯಾದಾಗ ಅದರ ತೇವಾಂಶ ಸುಮಾರು ಶೇ. 36ಕ್ಕೆ ಇಳಿಯುತ್ತೆ. ಕೋಳಿಮೊಟ್ಟೆಗೆ ಮೊದಲ 18 ದಿನ ಶೇ. 50ರ ಆಸುಪಾಸು, ಕೊನೆಯ 3 ದಿನ ಶೇ. 65ರ ಮೇಲೆ ಬೇಕು. ಕೊನೇಲಿ ತೇವ ಕಡಿಮೆಯಾದ್ರೆ ಒಳಪೊರೆ ಒಣಗಿ, ಚಿಪ್ಪು ಒಡೆದ ಮರಿ ಅಲ್ಲೇ ಅಂಟಿಕೊಂಡುಬಿಡುತ್ತೆ.

ಹಾಗಾಗಿ ಮರಿ ಮಾಡಿಸೋಕೇ ಅಂತ ಕೋಣೆ ಕಟ್ಟೋರು ನಮ್ಮ ಮಳೆಗೆ ಹೆದರಬೇಕಾದ್ದು ಬೂಷ್ಟಿನ ಕಾರಣಕ್ಕೆ. ಗೋಡೆಗೆ ಸುಣ್ಣ, ತೊಳೆಯೋಕಾಗೋ ನೆಲ, ಗಾಳಿಯಾಡೋಕೆ ಮೇಲೊಂದು ಗವಾಕ್ಷಿ ಇರಲಿ. ಬಿಸಿಲು ಬೀಳೋ ಕಿಟಕಿ, ಅಡುಗೆ ಒಲೆಗೆ ತಾಗಿದ ಗೋಡೆ ಬೇಡ. ಕೋಣೆಯ ಬಿಸಿ ಏರಿಳಿದಷ್ಟೂ ಪೆಟ್ಟಿಗೆಯದ್ದೂ ಏರಿಳಿಯುತ್ತೆ. ಇನ್ನು ಇನ್ವರ್ಟರ್ ಮೊದಲು, ಟೈಲ್ಸ್ ಆಮೇಲೆ. ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತೋ ನಮಗೆ ಗೊತ್ತಿಲ್ವಾ!

ಕಾವಿಗೆ ಕೂತ ಹೇಂಟೆಗೆ ಹುಲ್ಲು ಹಾಸಿದ ಒಂದು ಬುಟ್ಟಿ ಸಾಕು, ಮಾಪಕವೂ ಬೇಡ, ಇನ್ವರ್ಟರೂ ಬೇಡ. ಆದ್ರೆ ಅದು ಕಾವಿಗೆ ಕೂರೋದು ಅದಕ್ಕೆ ಮನಸ್ಸು ಬಂದಾಗ ಮಾತ್ರ.

ವಿರಾಜಪೇಟೆ, ಸೋಮವಾರಪೇಟೆ ಕಡೆಯವರೇ, ಮಳೆಗಾಲದಲ್ಲಿ ನಿಮ್ಮ ಪೆಟ್ಟಿಗೆ ಯಾವ ಕೋಣೇಲಿ? ಬೂಷ್ಟಿಗೆ ಏನು ಮಾಡ್ತೀರಿ? ಹೇಳಿ ಮಾರಾಯ್ರೆ.