ಡಾಲ್ಬಿ ಎಂಬ ಶಬ್ದ

ಬೆಳಗಾವಿ ಸೀಮೆಯ ಆಡುಮಾತಿನಲ್ಲಿ ‘ಡಾಲ್ಬಿ’ ಎಂದರೆ ಎದೆ ನಡುಗಿಸುವ ಧ್ವನಿಪೆಟ್ಟಿಗೆಗಳ ಸಾಲು. ಗಣಪತಿಯ ಮೆರವಣಿಗೆಗೆ ಡಾಲ್ಬಿ ಬರುತ್ತದೆ, ಮದುವೆಗೆ ಬರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಮೇಲೆ ಅದರ ಮರಿಗಳು ಏರಿ ಕುಳಿತಿರುತ್ತವೆ. ರೇ ಡಾಲ್ಬಿ ಎಂಬ ಎಂಜಿನಿಯರ್ 1965ರಲ್ಲಿ ಲಂಡನ್ನಿನಲ್ಲಿ ಸಂಸ್ಥೆ ಕಟ್ಟಿದ್ದು ಇದಕ್ಕೆ ತೀರ ವಿರುದ್ಧವಾದ ಕೆಲಸಕ್ಕಾಗಿ. ಧ್ವನಿಸುರುಳಿಯಲ್ಲಿ ಹಾಡಿನೊಡನೆ ಬೆರೆತು ಬರುತ್ತಿದ್ದ ‘ಸುಸ್ಸ್’ ಎಂಬ ಸದ್ದನ್ನು ಅಡಗಿಸುವುದು ಆ ಸಂಸ್ಥೆಯ ಮೊದಲ ಸಾಧನೆ. ಸದ್ದಡಗಿಸಿದವನ ಹೆಸರು ಕೊನೆಗೆ ಸದ್ದಿಗೇ ಅಂಟಿಕೊಂಡಿತು. ಅರ್ಥವ್ಯತ್ಯಾಸಕ್ಕೆ ಉದಾಹರಣೆ ಅರಸುವ ವಿದ್ಯಾರ್ಥಿಗೆ ಇದಕ್ಕಿಂತ ಸೊಗಸಾದದ್ದು ಸುಲಭದಲ್ಲಿ ಸಿಗಲಾರದು.

ಗೋಕಾಕ ತಾಲ್ಲೂಕಿನ ಮಮದಾಪುರದ ತರುಣನೊಬ್ಬನಿಗೆ ಈ ವ್ಯುತ್ಪತ್ತಿ ತಿಳಿದಿರಲಿಲ್ಲ. (ಆದಿಲಶಾಹಿ ಕಾಲದ ಕೆರೆಗೆ ಹೆಸರಾದ ವಿಜಯಪುರ ಜಿಲ್ಲೆಯ ಮಮದಾಪುರ ಬೇರೆ.) ಆನಂದಕಂದರ ಬೆಟಗೇರಿ, ಪಾರಿಜಾತದ ನಿಂಗಮ್ಮನ ಕೌಜಲಗಿ ಇರುವ ಸೀಮೆ ಇದು. ಅಪರಾಳ ತಮ್ಮಣ್ಣನ ಕೃತಿಯನ್ನು ಆಟಕ್ಕೆ ಒಗ್ಗಿಸಿದ ಕುಲಗೋಡ ತಮ್ಮಣ್ಣನೂ ಈ ಕಡೆಯವನೇ. ತರುಣನ ತಂದೆ ಒಂದು ಕಾಲಕ್ಕೆ ಪಾರಿಜಾತದ ಹಿಮ್ಮೇಳದಲ್ಲಿ ತಾಳ ಹಿಡಿದವರು. ಮಗ ಹಿಡಿದದ್ದು ಟ್ರ್ಯಾಕ್ಟರಿನ ಚಕ್ರ. ಎರಡು ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡು ರಾತ್ರಿಯೆಲ್ಲ ಹಾದಿ ಸವೆಸಬೇಕು; ಕಾರ್ಖಾನೆಯ ಅಂಗಳದಲ್ಲಿ ಕಾಟಾದ ಸರದಿಗಾಗಿ ತಾಸುಗಟ್ಟಲೆ ಕಾಯಬೇಕು. ನಿದ್ದೆಯನ್ನು ಗೆಲ್ಲಲು ಹಾಡಿಗಿಂತ ಅಗ್ಗದ ಸಾಧನ ಇನ್ನೊಂದಿಲ್ಲ. ಅದೂ ಅಲ್ಲದೆ, ಹಾಡು ಕೇಳಿಯೇ ‘ಇಂಥವನ ಗಾಡಿ ಬಂತು’ ಎಂದು ಊರವರು ಗುರುತಿಸುವುದರಲ್ಲಿ ಒಂದು ಹಿಗ್ಗೂ ಇತ್ತು.

ಮೊದಲು ತಂದದ್ದು ಒಂದು ಡೆಕ್ಕು, ಎರಡು ಸ್ಪೀಕರು. ಡಬ್ಬಿಯ ಮೇಲೆ ನಾಲ್ಕು ಕಡೆಗೆ ತಲಾ 50 ವ್ಯಾಟ್ ಎಂದು ಅಚ್ಚಾಗಿತ್ತು. ಹದಿನಾಲ್ಕು ವೋಲ್ಟಿನ ಆಸುಪಾಸಿನ ವಿದ್ಯುತ್ತಿನಿಂದ ಅಂಥ ಡೆಕ್ಕು 4 ಓಮಿನ ಸ್ಪೀಕರಿಗೆ ಸ್ವಚ್ಛವಾಗಿ ಕೊಡಬಲ್ಲದ್ದು ಸುಮಾರು 20 ವ್ಯಾಟ್ ಮಾತ್ರ. ಉಳಿದದ್ದು ವ್ಯಾಪಾರದ ಉತ್ಪ್ರೇಕ್ಷಾಲಂಕಾರ. ಎಂಜಿನ್ನಿನ ಆರ್ಭಟದಲ್ಲಿ ಅದು ಮುಳುಗಿಹೋಯಿತು. ಮುಂದಿನ ವರ್ಷ ಆಂಪ್ಲಿಫೈಯರ್ ಬಂತು, ಸೀಟಿನ ಹಿಂದೆ ಬೂಫರ್ ಬಂತು, ಮೇಲ್ಛಾವಣಿಗೆ ಕಹಳೆಯಾಕಾರದ ಎರಡು ಹಾರ್ನುಗಳು ಬಂದವು. ಶಬ್ದವು ಕಹಳೆಯ ರೀತಿಯಲ್ಲಿ ನಾಭಿಯಿಂದ ಹೊಮ್ಮುವ ದ್ರವ್ಯವೆಂದು ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಹೇಳಿದ್ದಾನೆ. ಅದು ದ್ರವ್ಯವೇ ಹೌದೆಂಬುದನ್ನು ಬೂಫರ್ ಈ ತರುಣನ ಬೆನ್ನುಮೂಳೆಗೆ ಮನವರಿಕೆ ಮಾಡಿಕೊಟ್ಟಿತು.

ಆದರೂ ಆತನಿಗೆ ತೃಪ್ತಿಯಿರಲಿಲ್ಲ. ವ್ಯಾಟು ಇಮ್ಮಡಿಸಿದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಶಕ್ತಿ ಹತ್ತುಪಟ್ಟಾಗಬೇಕು. ಬಾಗಿಲಿಲ್ಲದ ಟ್ರ್ಯಾಕ್ಟರಿನಲ್ಲಿ ಮಂದ್ರವಂತೂ ನಿಲ್ಲುವುದೇ ಇಲ್ಲ, ಹೊಲಕ್ಕೆ ಹರಿದುಹೋಗುತ್ತದೆ. ಆತ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ, ಹಾಡು ಒಡೆದು ಕರ್ಕಶವಾಯಿತು. ಒಮ್ಮೆ ಅಂಗಳದಲ್ಲಿ ಎಂಜಿನ್ ನಿಲ್ಲಿಸಿ ಹಾಡು ಹಚ್ಚಿ ಮಲಗಿದವನಿಗೆ ಬೆಳಗಿನಲ್ಲಿ ಬ್ಯಾಟರಿ ಬರಿದಾಗಿರುವುದು ಕಂಡಿತು. ಹಿಂದಿನ ಸಾಲಿನವರು ಬೈಯುತ್ತಲೇ ದೂಡಿಕೊಟ್ಟರು. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಕಬ್ಬಿನ ಹಾದಿಗೆ ಆ ಮಾತು ಇನ್ನೂ ತಲುಪಿದಂತಿಲ್ಲ.

ಆ ಹಂಗಾಮಿನ ಒಂದು ರಾತ್ರಿ ಹಿಂದಿನ ಟ್ರೇಲರಿನ ಹಗ್ಗ ಸಡಿಲಿ ಕಬ್ಬು ಒಂದೊಂದೇ ಹೊರೆಯಾಗಿ ರಸ್ತೆಗೆ ಉದುರತೊಡಗಿತು. ಹಿಂದೆ ಬರುತ್ತಿದ್ದವರು ಹಾರ್ನ್ ಹೊಡೆದರು, ಕೂಗಿದರು. ಕೊನೆಗೆ ಒಬ್ಬ ಬೈಕ್ ಸವಾರ ಹೊಲದ ಅಂಚಿನಲ್ಲಿ ಹಾಯ್ದು ಮುಂದೆ ಬಂದು ಅಡ್ಡ ನಿಂತ. “ಆಗಳಿಂದ ಒದರಾಕತ್ತೇವಲ್ಲೋ ತಮ್ಮಾ, ಕಿವಿ ಎಲ್ಲಿಟ್ಟೀ?” ಎಂದ. ಅಷ್ಟರಲ್ಲಿ ಇನ್ನೊಂದು ಬೈಕು ಬಿದ್ದ ಜಲ್ಲೆಗಳ ಮೇಲೆ ಜಾರಿ, ಹಿಂದೆ ಕುಳಿತಿದ್ದ ಹೆಣ್ಣುಮಗಳ ಮುಂಗೈ ಮುರಿದಿತ್ತು. ಆಸ್ಪತ್ರೆಯ ಖರ್ಚನ್ನು ತರುಣನೇ ಹೊತ್ತ.

ಮನೆಯಲ್ಲಿ ತಂದೆ ಗದರಲಿಲ್ಲ. ಒಂದೇ ಮಾತು ಕೇಳಿದರು: “ಆವಾಗ ಯಾವ ಹಾಡ ಹಚ್ಚಿದ್ಯೋ?”

ಎಷ್ಟು ನೆನೆದರೂ ಆತನಿಗೆ ಅದು ನೆನಪಾಗಲಿಲ್ಲ.

ಮುಂದಿನ ಹಂಗಾಮಿಗೆ ಮೊದಲು ಹಾರ್ನುಗಳು ಛಾವಣಿಯಿಂದ ಇಳಿದವು, ಬೂಫರ್ ಮಾರಾಟವಾಯಿತು. ಆ ಹಣದಲ್ಲಿ ಆತ ಕೊಂಡದ್ದು ಕಣ್ಣಿಗೆ ಕಾಣದ ವಸ್ತುಗಳನ್ನು: ದಪ್ಪನೆಯ ತಾಮ್ರದ ವಾಯರು, ಅದಕ್ಕೆ ತಕ್ಕ ಫ್ಯೂಸು. ಫ್ಯೂಸನ್ನು ಆಂಪ್ಲಿಫೈಯರಿನ ಬಳಿಯಲ್ಲ, ಬ್ಯಾಟರಿಗೆ ಹೊಂದಿಯೇ ಕೂಡಿಸಬೇಕೆಂದು ಮಿಸ್ತ್ರಿ ಹೇಳಿಕೊಟ್ಟ. ನಡುದಾರಿಯಲ್ಲಿ ವಾಯರು ಸವೆದು ಕಬ್ಬಿಣಕ್ಕೆ ತಾಗಿದರೆ ಬೆಂಕಿ ಹತ್ತುವುದು ಆ ಮಧ್ಯದ ತುಂಡಿನಲ್ಲಿಯೇ. ಎರಡು ಸಾಧಾರಣ ಸ್ಪೀಕರುಗಳನ್ನು ರಸ್ತೆಯ ಕಡೆಗಲ್ಲದೆ ಚಾಲಕನ ಕಿವಿಯ ಕಡೆಗೆ ತಿರುಗಿಸಿ, ಹತ್ತಿರದಲ್ಲಿಯೇ ಬಿಗಿದರು. ದೂರ ಅರ್ಧವಾದರೆ ಬಯಲಿನಲ್ಲಿ 6 ಡೆಸಿಬೆಲ್ ಸುಮ್ಮನೆ ದಕ್ಕುತ್ತದೆ, ಅಂದರೆ ನಾಲ್ಕುಪಟ್ಟು ವ್ಯಾಟಿನ ಫಲ. ಇದಕ್ಕೆ ಯಾವ ಅಂಗಡಿಯವನೂ ಬೆಲೆ ಕೇಳಲಾರ. ಗುಂಡಿ ಇದಕ್ಕಿಂತ ಮುಂದೆ ತಿರುಗಬಾರದೆಂದು ಆತ ಬಿಳಿಬಣ್ಣದಲ್ಲಿ ಒಂದು ಗೆರೆ ಎಳೆದ. ನೆರೆಯ ಟ್ರ್ಯಾಕ್ಟರಿನವರು ‘ರೇಡಿಯೋ ಗಾಡಿ’ ಎಂದು ನಕ್ಕರು.

ಕಾರ್ಖಾನೆ ಆರಂಭವಾದ ವಾರದಲ್ಲಿ ತಂದೆ ಒಮ್ಮೆ ಜೊತೆಗೆ ಬಂದರು. ಪೆನ್‌ಡ್ರೈವಿನಲ್ಲಿ ಮಗ ಪಾರಿಜಾತದ ಒಂದು ಹಳೆಯ ಧ್ವನಿಮುದ್ರಣ ತುಂಬಿಸಿ ತಂದಿದ್ದ. ಗಾಡಿ ಊರ ಅಂಚು ದಾಟುವಾಗ ಹಚ್ಚಿದ. ಎಂಜಿನ್ನಿನ ಮೇಲೆ ಹಾರ್ಮೋನಿಯಂ ತೆಳುವಾಗಿ ತೇಲಿತು. ಭಾಗವತನ ಪದದ ಹಿಂದಿನ ತಾಳಕ್ಕೆ ಮುದುಕರ ಬೆರಳು ಮಡ್ಗಾರ್ಡಿನ ಮೇಲೆ ಆಡಿತು.

“ಕೇಳಸ್ತೈತೇನ್ರೀ ಯಪ್ಪಾ?” ಎಂದ ಮಗ.

ಅವರು ಕೈಯೆತ್ತಿ ಆತನನ್ನು ಸುಮ್ಮನಾಗಿಸಿ ಒಂದು ಕ್ಷಣ ಹಿಂದಕ್ಕೆ ಕಿವಿಗೊಟ್ಟರು.

“ಎಡಕ್ಕ ತಗೋ,” ಎಂದರು, “ಹಿಂದ ಯಾರೋ ಹಾರ್ನ್ ಹೊಡ್ಯಾಕತ್ತಾರ.”